ಕರಿ ಮೆಹಂದಿ ಎಂಬ ಗಿಡವೇ ಇಲ್ಲ

ನಮ್ಮ ನಾನಿಯ ಮನೆ ಹಾರನಹಳ್ಳಿಯಲ್ಲಿತ್ತು. ಅರಸೀಕೆರೆ ತಾಲ್ಲೂಕಿನ ಈ ಊರನ್ನು ಜನ ಬಲ್ಲದ್ದು ಕೋಡಿಮಠದಿಂದ, ಇಲ್ಲವೇ ಹೊಯ್ಸಳರ ಕಾಲದ ಎರಡು ಗುಡಿಗಳಿಂದ. ನನಗೆ ಮಾತ್ರ ಹಾರನಹಳ್ಳಿ ಅಂದರೆ ನಾನಿಯ ಹಿತ್ತಲಿನ ಮದರಂಗಿ ಬೇಲಿ. ವರ್ಷಕ್ಕೆ ನಾಲ್ಕೈದು ಸಲ ಆ ಬೇಲಿಯ ಎಲೆ ಒರಳಿಗೆ ಬೀಳುತ್ತಿತ್ತು. ಹಬ್ಬದ ಹಿಂದಿನ ರಾತ್ರಿ ನಮ್ಮ ಕೈಗಳಿಗೆ, ಉಳಿದ ಸಲವೆಲ್ಲ ನಾನಿಯ ತಲೆಗೆ.

ನಾನಿ ಓದಿದವಳಲ್ಲ. ಆದರೆ ತಲೆಗೆ ಬಣ್ಣ ಕಟ್ಟುವುದರಲ್ಲಿ ಅವಳಷ್ಟು ಲೆಕ್ಕಾಚಾರದ ಮನುಷ್ಯಳನ್ನು ನಾನು ಆಮೇಲೆ ಕಂಡಿಲ್ಲ. ಅರೆದ ಎಲೆಯನ್ನು ಕಬ್ಬಿಣದ ಬಾಣಲೆಗೆ ಹಾಕಿ, ಟೀ ಡಿಕಾಕ್ಷನ್ನು, ಅರ್ಧ ಹೋಳು ನಿಂಬೆರಸ ಬೆರೆಸಿ ರಾತ್ರಿಯಿಡೀ ಬಿಡುತ್ತಿದ್ದಳು. ಬೆಳಿಗ್ಗೆ ಹಚ್ಚಿ, ಮಧ್ಯಾಹ್ನ ತೊಳೆದರೆ ಬಿಳಿ ಕೂದಲೆಲ್ಲ ಕಿತ್ತಳೆ. ಅಲ್ಲಿಗೆ ಮುಗಿಯಲಿಲ್ಲ. ಮಾರನೆಯ ದಿನ ತಗಡಿನ ಡಬ್ಬಿಯಿಂದ ಇನ್ನೊಂದು ಹಸಿರು ಪುಡಿ ಹೊರಬರುತ್ತಿತ್ತು. ಅದು ವಸ್ಮಾ, ಅಂದರೆ ಒಣಗಿಸಿದ ನೀಲಿ ಗಿಡದ ಎಲೆ. ಬೆಂಗಳೂರಿಗೆ ಹೋದ ಯಾರಾದರೂ ತಂದುಕೊಡಬೇಕಿತ್ತು. ಇದಕ್ಕೆ ನಿಂಬೆಯೂ ಇಲ್ಲ, ರಾತ್ರಿ ನೆನೆಸುವುದೂ ಇಲ್ಲ. ಬೆಚ್ಚನೆಯ ನೀರಿನಲ್ಲಿ ಕಲಸಿ ಕಾಲು ಗಂಟೆಯೊಳಗೆ ತಲೆಗೆ ಬಳಿಯಬೇಕು. “ಮೇಂದಿ ಕಾಯ್ತದೆ, ನೀಲ್ ಕಾಯೋದಿಲ್ಲ” ಎನ್ನುತ್ತಿದ್ದಳು.

ಇನ್ನೊಂದು ಕೆಲಸ ಇದಕ್ಕೆಲ್ಲ ಮೊದಲೇ ಆಗಿರುತ್ತಿತ್ತು. ಬಾಚಣಿಗೆಗೆ ಸಿಕ್ಕ ಬಿಳಿ ಕೂದಲನ್ನು ಅವಳು ಎಸೆಯುತ್ತಿರಲಿಲ್ಲ. ಬತ್ತಿಯಂತೆ ಹೊಸೆದು, ದಾರ ಕಟ್ಟಿ, ಒಂದನ್ನು ಬರೀ ಮದರಂಗಿಯಲ್ಲಿ, ಇನ್ನೊಂದನ್ನು ಮದರಂಗಿಯ ನಂತರ ಅರ್ಧ ಗಂಟೆ ನೀಲಿಯಲ್ಲಿ, ಮತ್ತೊಂದನ್ನು ಎರಡು ಗಂಟೆ ನೀಲಿಯಲ್ಲಿ ಅದ್ದಿಡುತ್ತಿದ್ದಳು. ಒಣಗಿದ ಮೇಲೆ ಬಾಗಿಲ ಬೆಳಕಿಗೆ ಬಂದು, ಒಂದೊಂದನ್ನೇ ಕೆನ್ನೆಯ ಪಕ್ಕ ಹಿಡಿದು, ಕೈಕನ್ನಡಿಯಲ್ಲಿ ನೋಡುವಳು. ಪ್ರತಿಸಲವೂ ಆರಿಸುತ್ತಿದ್ದದ್ದು ನಡುವಿನದನ್ನೇ, ಸುಟ್ಟ ಬೆಲ್ಲದ ಬಣ್ಣವನ್ನು. ಪೂರಾ ಕಪ್ಪು ಯಾಕೆ ಬೇಡ ಎಂದು ಒಮ್ಮೆ ಕೇಳಿದ್ದೆ. “ಮುಖಕ್ಕೆ ಅರವತ್ತು, ಕೂದಲಿಗೆ ಹದಿನೆಂಟು ಅಂದ್ರೆ ಎರಡೂ ಜಗಳ ಆಡ್ತಾವೆ ಬೇಟಾ” ಎಂದಳು. ಈಗ ಅವಳ ಅರ್ಧ ವಯಸ್ಸು ದಾಟಿ ಬಂದಿರುವ ನನಗೆ, ಕನ್ನಡಿಯ ಮುಂದೆ ನಿಂತಾಗ ಆ ಮಾತು ಸರಿಯೆನಿಸುತ್ತದೆ. ನಮ್ಮ ಗೋಧಿ, ಎಣ್ಣೆಗಪ್ಪು ಮೈಬಣ್ಣಗಳಿಗೆ ಕಂದು ಹೊಂದಿಕೊಳ್ಳುತ್ತದೆ. ಮಸಿಗಪ್ಪು ಕೂದಲು ಕಣ್ಣ ಕೆಳಗಿನ ನೆರಳನ್ನು, ಬಾಯಿಯ ಪಕ್ಕದ ಗೆರೆಯನ್ನು ಎತ್ತಿ ತೋರಿಸುತ್ತದೆ.

ನಾನಿಯ ಮನೆಗೆ ಹೋದಾಗೆಲ್ಲ ಗುಡಿಯ ಅಂಗಳದಲ್ಲಿ ಆಡುವುದು ನಮ್ಮ ರೂಢಿ. ಲಕ್ಷ್ಮೀನರಸಿಂಹ ಗುಡಿಯನ್ನು 1235ರ ಸುಮಾರಿಗೆ ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರು. ಬೇಲೂರಿನ ಗುಡಿ ಇದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯದು, 1117ರದು. ಅಲ್ಲಿಯ ದರ್ಪಣಸುಂದರಿಯನ್ನು ನೋಡದ ಕನ್ನಡಿಗರು ಕಡಿಮೆ. ಸ್ನಾನ ಮುಗಿಸಿ ಕೂದಲು ಹಿಂಡುವವಳೂ ಅಲ್ಲಿಯೇ ಇದ್ದಾಳೆ. ಹೊಯ್ಸಳ ಶಿಲ್ಪಿಗಳು ಹೆಣ್ಣಿನ ಕೂದಲಿಗೆ ಪಟ್ಟ ಶ್ರಮ ಸಾಮಾನ್ಯದ್ದಲ್ಲ. ಮುಂಗುರುಳು, ತುರುಬು, ಅದಕ್ಕೆ ಸುತ್ತಿದ ಹೂವು ಎಲ್ಲವನ್ನೂ ಬಳಪದ ಕಲ್ಲಿನಲ್ಲಿ ತೆಗೆದರು. ಆದರೆ ಕಲ್ಲಿಗೆ ಒಂದೇ ಬಣ್ಣ. ಆ ಹೆಂಗಸರ ಕೂದಲು ನರೆತಿತ್ತೇ, ನರೆತಾಗ ಅವರೇನು ಮಾಡುತ್ತಿದ್ದರು ಎಂಬುದನ್ನು ಕಲ್ಲು ಹೇಳುವುದಿಲ್ಲ.

ಗ್ರಂಥಗಳು ಹೇಳುತ್ತವೆ. ಆರನೆಯ ಶತಮಾನದ ವರಾಹಮಿಹಿರ ಗ್ರಹಗತಿ, ಮಳೆ, ಬೆಳೆ ಕುರಿತು ಬರೆದವನೆಂದು ನಮಗೆ ಪರಿಚಿತ. ಅವನ ಬೃಹತ್ಸಂಹಿತೆಯಲ್ಲಿ ಸುಗಂಧದ್ರವ್ಯಗಳಿಗೆ ಮೀಸಲಾದ ಅಧ್ಯಾಯವೊಂದಿದೆ. ಅದು ಆರಂಭವಾಗುವುದೇ ತಲೆಗೂದಲಿನ ಬಣ್ಣದಿಂದ. ನರೆತ ತಲೆಯವರಿಗೆ ಹೂವು, ಗಂಧ, ಒಡವೆ ಯಾವುದೂ ಶೋಭಿಸುವುದಿಲ್ಲವೆಂಬುದು ಅವನ ಅಭಿಪ್ರಾಯ (ನಾನು ಒಪ್ಪುವುದಿಲ್ಲ, ಆದರೆ ವಿಧಾನ ಕೇಳಿ). ಕಬ್ಬಿಣದ ಪಾತ್ರೆಯಲ್ಲಿ ಹಾರಕದ ಅಕ್ಕಿಯನ್ನು ಹುಳಿನೀರು ಹಾಕಿ ಬೇಯಿಸಬೇಕು, ಕಬ್ಬಿಣದ ಪುಡಿ ಸೇರಿಸಿ ನುಣ್ಣಗೆ ಅರೆಯಬೇಕು. ಅದನ್ನು ತಲೆಗೆ ಹಚ್ಚಿ ಎಕ್ಕದ ಹಸಿ ಎಲೆ ಸುತ್ತಿ ಎರಡು ಜಾವ ಬಿಡಬೇಕು. ಅದನ್ನು ತೆಗೆದು ನೆಲ್ಲಿಕಾಯಿ ಅರೆದು ಹಚ್ಚಿ, ಮತ್ತೆ ಎಲೆ ಸುತ್ತಿ ಇನ್ನೆರಡು ಜಾವ. ಒಂದು ಜಾವವೆಂದರೆ ಮೂರು ಗಂಟೆ. ಹಾಗಾದರೆ ಒಂದು ತಲೆ ಕಪ್ಪಾಗಲು ಹನ್ನೆರಡು ಗಂಟೆ! ಆಮೇಲೆ ಕಬ್ಬಿಣ ಮತ್ತು ಹುಳಿಯ ವಾಸನೆ ಹೋಗಲಾಡಿಸಲು ಸುಗಂಧದ ಸ್ನಾನ ಬೇರೆ.

ಇದರ ಹಿಂದಿನ ಕೆಲಸ ಸರಳವಾದದ್ದು. ಹುಳಿ ಕಬ್ಬಿಣವನ್ನು ಕರಗಿಸುತ್ತದೆ, ಕರಗಿದ ಕಬ್ಬಿಣ ನೆಲ್ಲಿಕಾಯಿಯ ಒಗರನ್ನು ಕೂಡಿದರೆ ಕಪ್ಪಾಗುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುವುದೂ ಇದೇ ರೀತಿ. ನಾನಿಯ ಬಾಣಲೆಯಲ್ಲಿ ನಡೆಯುತ್ತಿದ್ದದ್ದೂ ಸ್ವಲ್ಪಮಟ್ಟಿಗೆ ಇದೇ. ಟೀಯ ಒಗರು, ನಿಂಬೆಯ ಹುಳಿ, ಬಾಣಲೆಯ ಕಬ್ಬಿಣ. ಅವಳು ವರಾಹಮಿಹಿರನ ಹೆಸರು ಕೇಳಿದವಳಲ್ಲ.

ಅವಳ ಡಬ್ಬಿಯ ಎರಡು ಎಲೆಗಳ ಪದ್ಧತಿಗೆ ಇನ್ನೊಂದು ಕಡೆಯ ಬೇರೂ ಇದೆ. ಕ್ರಿ.ಶ. 630ರಲ್ಲಿ ಮಕ್ಕಾ ವಿಜಯದ ದಿನ ಹಜ್ರತ್ ಅಬೂಬಕರರ ವೃದ್ಧ ತಂದೆ ಅಬೂ ಕುಹಾಫರನ್ನು ಪ್ರವಾದಿಯವರ (ಸ) ಬಳಿ ಕರೆತಂದಾಗ ಅವರ ತಲೆ, ಗಡ್ಡ ಎರಡೂ ಬಿಳಿ ಹೂವಿನಂತಿದ್ದವು. ಈ ಬಿಳುಪನ್ನು ಬದಲಾಯಿಸಿ, ಆದರೆ ಕಪ್ಪಿನಿಂದ ದೂರವಿರಿ ಎಂದು ಪ್ರವಾದಿಯವರು ಹೇಳಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮದರಂಗಿ ಮತ್ತು ಕತಮ್ ನರೆ ಬದಲಿಸಲು ಉತ್ತಮವೆಂಬ ವರದಿ ಅಬೂದಾವೂದ್, ತಿರ್ಮಿದಿಗಳಲ್ಲಿದೆ. ಕತಮ್ ಯೆಮನ್ ಕಡೆಯ ಗಿಡ. ಅದನ್ನು ಮದರಂಗಿಯ ಜೊತೆ ಹಚ್ಚಿದರೆ ಕಪ್ಪಿಗೂ ಕೆಂಪಿಗೂ ನಡುವಿನ ಬಣ್ಣ. ನಮ್ಮ ಕಡೆ ಅದರ ಜಾಗಕ್ಕೆ ನೀಲಿ ಗಿಡ ಬಂತು. ಅಚ್ಚ ಕಪ್ಪನ್ನು ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಕೆಲವರು ನಿಷಿದ್ಧವೆಂದರು, ಕೆಲವರು ಅಪ್ರಿಯವೆಂದರು, ಒಪ್ಪಿದವರೂ ಇದ್ದಾರೆ. ಆ ಚರ್ಚೆ ನನ್ನ ವಿಷಯವಲ್ಲ. ನನ್ನ ಕುತೂಹಲವೆಲ್ಲ ಇಷ್ಟೇ: ಎರಡು ಎಲೆ, ಒಂದು ಕಂದು ಬಣ್ಣ ಎಂಬ ತಿಳಿವಳಿಕೆ ಅಷ್ಟು ದೂರದಿಂದ ಹೊರಟು ಹಾರನಹಳ್ಳಿಯ ಹಿತ್ತಲನ್ನು ತಲುಪಿ, ನಾನಿಯ ಕಾಲದವರೆಗೆ ಸುರಕ್ಷಿತವಾಗಿತ್ತು.

ಅದು ಕೆಟ್ಟದ್ದು ಹೇಗೆ? ಇದಕ್ಕೆ ಯುರೋಪಿನ ಡಾಂಬರಿನ ಕಡೆ ತಿರುಗಬೇಕು. 1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಲಂಡನ್ನಿನಲ್ಲಿ ಮಲೇರಿಯಾ ಔಷಧಿ ಮಾಡಹೋಗಿ, ಕಲ್ಲಿದ್ದಲ ಡಾಂಬರಿನ ವಸ್ತುವಿನಿಂದ ನೇರಳೆ ಬಣ್ಣ ತೆಗೆದ. ಅವನ ಗುರು ಹಾಫ್‌ಮನ್ 1863ರಲ್ಲಿ ಪ್ಯಾರಾ ಫಿನೈಲೀನ್ ಡೈಅಮೀನ್ ಎಂಬ ವಸ್ತುವನ್ನು ವಿವರಿಸಿದ. ಗಾಳಿ ಅಥವಾ ಪೆರಾಕ್ಸೈಡ್ ತಾಗಿದರೆ ಕಪ್ಪಾಗುವ ಇದು ಕೂದಲಿನ ಒಳಕ್ಕೆ ಇಳಿದು ಅಲ್ಲೇ ಬಣ್ಣವಾಗಿ ಕೂರುತ್ತದೆ. 1907ರಲ್ಲಿ ಪ್ಯಾರಿಸ್ಸಿನ ಯುಜೀನ್ ಶೂಲರ್ ಕೂದಲ ಬಣ್ಣ ತಯಾರಿಸಿ ಕ್ಷೌರಿಕರಿಗೆ ಮಾರತೊಡಗಿದ. 1909ರಲ್ಲಿ ಅವನು ಕಟ್ಟಿದ ಕಂಪನಿಯೇ ಇಂದಿನ ಲೋರಿಯಲ್. ಇದೇ ಡಾಂಬರಿನ ರಸಾಯನಶಾಸ್ತ್ರ 1897ರಿಂದ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದು ಭಾರತದ ನೀಲಿ ಬೆಳೆಯನ್ನು ನೆಲಕಚ್ಚಿಸಿತು. ಒಂದು ಕೈಯಿಂದ ವಸ್ಮಾದ ಗಿಡ ಹೊಲದಿಂದ ಹೋಯಿತು, ಇನ್ನೊಂದು ಕೈಯಿಂದ ಅದರ ಬದಲಿ ಪ್ಯಾಕೆಟ್ಟಿನಲ್ಲಿ ಬಂತು.

ಹೊಸ ವಸ್ತು ಕೆಲವರ ಮೈಗೆ ಒಗ್ಗುವುದಿಲ್ಲವೆಂಬುದು ಬೇಗನೆ ಗೊತ್ತಾಯಿತು. 1933ರಲ್ಲಿ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಎಂಬ ರೆಪ್ಪೆ ಬಣ್ಣದಿಂದ ಹೆಂಗಸೊಬ್ಬಳ ಕಣ್ಣು ಹೋಯಿತು. ಅಲ್ಲಿ 1938ರ ಸೌಂದರ್ಯವರ್ಧಕಗಳ ಕಾನೂನಿಗೆ ಆ ಪ್ರಕರಣವೂ ಒಂದು ಕಾರಣ. ವಿಚಿತ್ರವೆಂದರೆ ಆ ಕಾನೂನಿನಲ್ಲೂ ಡಾಂಬರು ಮೂಲದ ಕೂದಲ ಬಣ್ಣಕ್ಕೆ ವಿನಾಯಿತಿ ಸಿಕ್ಕಿತು. ಎಚ್ಚರಿಕೆಯ ಚೀಟಿ ಅಂಟಿಸಿದರೆ ಸಾಕಿತ್ತು. ನಮ್ಮ ದೇಶದ ನಿಯಮಗಳೂ ಅಂಥ ಎಚ್ಚರಿಕೆಯನ್ನು ಕೇಳುತ್ತವೆ: ಮೊದಲು ಚರ್ಮದ ಮೇಲೆ ಪರೀಕ್ಷಿಸಿ, ಹುಬ್ಬಿಗೂ ರೆಪ್ಪೆಗೂ ಬಳಸಬೇಡಿ. ಅದನ್ನು ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ.

2011ರಲ್ಲಿ ನನ್ನ ತಂಗಿಯ ನಿಕಾಹ್ ಅರಸೀಕೆರೆಯಲ್ಲಿ. ನಾನಿ ಇರಲಿಲ್ಲ, ಹಿತ್ತಲೂ ಇರಲಿಲ್ಲ. ನಿಕಾಹ್‌ಗೆ ಎರಡು ದಿನವಿದ್ದಾಗ ಅಮ್ಮಿ ಅಂಗಡಿಯಿಂದ ‘ಕರಿ ಮೆಹಂದಿ’ ಪ್ಯಾಕೆಟ್ ತರಿಸಿದರು. ಮೇಲೆ ಎಲೆಯ ಚಿತ್ರ, ಒಳಗೆ ಅದೇ ಹಸಿರು ಪುಡಿ. ನಲವತ್ತು ವರ್ಷ ಮದರಂಗಿ ಹಚ್ಚಿದ ಕೈ, ಪರೀಕ್ಷೆ ಯಾಕೆ ಮಾಡುತ್ತದೆ? ಅರ್ಧ ಗಂಟೆಯಲ್ಲಿ ಕೂದಲು ಕಪ್ಪಾದಾಗ ಮನೆಯವರೆಲ್ಲ ಮೆಚ್ಚಿದೆವು. ರಾತ್ರಿಗೆ ನೆತ್ತಿಯಲ್ಲಿ ತುರಿಕೆ. ಬೆಳಿಗ್ಗೆ ಹಣೆ, ರೆಪ್ಪೆ ಊದಿ ಕಣ್ಣು ತೆರೆಯಲಾಗದು, ಕಿವಿಯ ಹಿಂದೆ ನೀರು ಜಿನುಗುವ ಗುಳ್ಳೆ. ಹಾಸನದಲ್ಲಿ ಚರ್ಮದ ವೈದ್ಯರು ಪ್ಯಾಕೆಟ್ ತರಲು ಹೇಳಿದರು. ಕನ್ನಡಕವನ್ನು ಹಣೆಗೇರಿಸಿ ಓದಿ, ಒಂದು ಪದದ ಕೆಳಗೆ ಗೆರೆ ಎಳೆದು ನನಗೆ ತೋರಿಸಿದರು. ಅದೇ ಡಾಂಬರಿನ ಮಗಳು. ಒಮ್ಮೆ ಮೈ ಅದನ್ನು ಶತ್ರುವೆಂದು ಗುರುತಿಸಿತೆಂದರೆ ಜೀವಮಾನವಿಡೀ ಮರೆಯುವುದಿಲ್ಲ, ಮುಂದಿನ ಸಲ ಇನ್ನೂ ಜೋರಾಗಬಹುದು ಎಂದರು. ಅಮ್ಮಿ ಮಗಳ ನಿಕಾಹ್‌ನ ಹೊತ್ತು ಒಳಮನೆಯಲ್ಲಿ ದುಪಟ್ಟಾ ಎಳೆದುಕೊಂಡು ಮಲಗಿದ್ದರು. ಆ ಆಲ್ಬಮ್‌ನಲ್ಲಿ ಅವರದೊಂದು ಫೋಟೋ ಇಲ್ಲ.

ಮದರಂಗಿ ಎಲೆಯಲ್ಲಿರುವ ಬಣ್ಣ ಕೆಂಪು-ಕಿತ್ತಳೆಯೇ ಹೊರತು ಬೇರೆಯಲ್ಲ. ರಾಜಸ್ಥಾನದ ಸೋಜತ್‌ನ ಎಲೆಯಾದರೂ ಅಷ್ಟೆ, ಹಾರನಹಳ್ಳಿಯ ಬೇಲಿಯದಾದರೂ ಅಷ್ಟೆ. ಕರಿ ಮೆಹಂದಿ ಎಂಬ ಗಿಡ ಭೂಮಿಯ ಮೇಲೆ ಇಲ್ಲ. ಒಂದೇ ಸಲಕ್ಕೆ, ಅರ್ಧ ಗಂಟೆಯಲ್ಲಿ, ಮಸಿಯಂತೆ ಕಪ್ಪು ಮಾಡುವ ‘ಮೆಹಂದಿ’ಯಲ್ಲಿ ಎಲೆಯ ಜೊತೆ ಇನ್ನೇನೋ ಇದೆಯೆಂದೇ ಲೆಕ್ಕ. ನಾನಿಗೆ ಇದು ಗೊತ್ತಿತ್ತು. ಅವಳಿಗೆ ಕಪ್ಪು ಬೇಕಾದರೆ ಎರಡು ದಿನ, ಎರಡು ಡಬ್ಬಿ. ಹೆಸರೊಂದು ಉಳಿದು ಗಿಡ ಬದಲಾದದ್ದು ನಮ್ಮ ಅಮ್ಮಿಗೆ ಗೊತ್ತಾಗಲಿಲ್ಲ. ಹಾಗೆಂದು ಡಬ್ಬಿಯ ಬಣ್ಣಗಳನ್ನೆಲ್ಲ ನಾನು ಬೈಯಲಾರೆ. ಅದನ್ನು ಹಚ್ಚಿ ಏನೂ ಆಗದವರೇ ಹೆಚ್ಚು. ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾದವರಿಗೆ ತಮ್ಮ ಮೈಯ ಉತ್ತರ ಸಿಗುತ್ತದೆ. ಅಮ್ಮಿಯ ಆ ಪ್ಯಾಕೆಟ್ಟಿಗೆ ಡೈ ಎಂದು ಹೆಸರಿದ್ದಿದ್ದರೆ, ಅವರೂ ಕಾಯುತ್ತಿದ್ದರು.

ನೀಲಿ ಪುಡಿ ಈಗ ಮತ್ತೆ ಸಿಗುತ್ತಿದೆ. ನಮ್ಮ ಮನೆಯಲ್ಲಿ ಹಳೆಯ ಕ್ರಮವೇ ಮರಳಿದೆ. ಮೊದಲ ದಿನ ಮದರಂಗಿ, ಮರುದಿನ ಚಿಟಿಕೆ ಉಪ್ಪು ಹಾಕಿ ಕಲಸಿದ ನೀಲಿ. ಮೊದಲ ಸಲ ನೀಲಿ ತೊಳೆದಾಗ ಕೂದಲು ಹಸಿರಾಗಿ ಕಂಡು ಗಾಬರಿಯಾಗಿತ್ತು. ಒಂದೆರಡು ದಿನ ಗಾಳಿಯಾಡಿದ ಮೇಲೆ ಅದು ಕಂದಾಗುತ್ತದೆ. ಹೊತ್ತು ಹೆಚ್ಚಿದಷ್ಟೂ ಗಾಢ. ನಮಗೆ ಮುಕ್ಕಾಲು ಗಂಟೆಗೆ ನಾನಿಯ ಬೆಲ್ಲದ ಬಣ್ಣ ಬರುತ್ತದೆ. ಬಾಚಣಿಗೆಯ ಕೂದಲನ್ನು ಬತ್ತಿ ಹೊಸೆಯುವ ಕೆಲಸ ಅಮ್ಮಿಯದು. ಪುಡಿಯ ಹೊಸ ಪ್ಯಾಕೆಟ್ ಬಂದರೆ ಕತ್ತರಿ ಮುಟ್ಟಿಸಲು ಬಿಡುವುದಿಲ್ಲ. ಮೊದಲು ನನ್ನನ್ನು ಎದುರಿಗೆ ಕೂರಿಸಿ, “ಹಿಂದೆ ಸಣ್ಣಕ್ಷರದಲ್ಲಿ ಏನಿದೆ, ಪೂರಾ ಓದು” ಎನ್ನುತ್ತಾರೆ.