ಗಾಳಿ ಎಳೆಯೋ ಕಥೆ: ಭದ್ರಾವತಿ ಕುಲುಮೆಯಿಂದ ಅಣ್ಣನ ಪೋಲೋವರೆಗೆ

(1/7)

ಹೋದ ವಾರ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ, ನೆನಪಿದ್ಯಾ? "ಅಣ್ಣನ ಪೋಲೋ ಜಿಟಿಗೆ ಯಾವ ಇಂಟೇಕ್ ಹಾಕಿಸೋದು?" ಅಂತ. ಓಪನ್ ಕೋನ್‌ಗೇ ಜಾಸ್ತಿ ಓಟು ಬಿತ್ತು. ಯಾಕೆ ಅಂತ ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ: "ಸೌಂಡ್ ಗುರು!"

ಅಣ್ಣ ಅಂದ್ರೆ ನಮ್ಮ ದೊಡ್ಡಮ್ಮನ ಮಗ. ಕೋಟೆ ಏರಿಯಾದಲ್ಲೇ ಮನೆ, ಕೆಲಸ ಭದ್ರಾವತಿ ಕಡೆ. ಸೆಕೆಂಡ್ ಹ್ಯಾಂಡ್‌ನಲ್ಲಿ 1.0 ಟಿಎಸ್ಐ ಪೋಲೋ ತಗೊಂಡು ಎಂಟು ತಿಂಗಳಾಯ್ತು. ಇನ್ನೂ ಇಎಂಐ ಕಟ್ತಾ ಇದ್ದಾನೆ. ಅದರ ನಡುವೆ ಇಂಟೇಕ್‌ಗೆ ಅಂತ ತಿಂಗಳು ತಿಂಗಳು ದುಡ್ಡು ಬೇರೆ ಎತ್ತಿಟ್ಟಿದ್ದ. ಒಂದು ಅಂಗಡಿಯವರು "ಹಾಕಿದ ತಕ್ಷಣ ಹದಿನೈದು ಎಚ್‌ಪಿ ಜಾಸ್ತಿ" ಅಂತ ಆಣೆ ಮಾಡಿ ಹೇಳಿದ್ರಂತೆ.

ನಾನು ಪೋಲ್ ರಿಸಲ್ಟ್ ತೋರಿಸ್ತಾ ಇದ್ದಾಗ ಪಕ್ಕದಲ್ಲಿ ಕೂತಿದ್ದ ಅಜ್ಜ ಕನ್ನಡಕ ಏರಿಸಿ ಕೇಳಿದ್ರು: "ಗಾಳಿಗೆ ಇಷ್ಟು ದುಡ್ಡೇನೋ? ಅದಕ್ಕಿಂತ ಮೊದಲು ಈಗಿರೋ ಡಬ್ಬಿ ಬಿಚ್ಚಿ ನೋಡಿದೀರಾ?"

ನೋಡಿರಲಿಲ್ಲ. ಆ ಪ್ರಶ್ನೆಯಿಂದಲೇ ಈ ಸೀರೀಸ್ ಶುರುವಾಯ್ತು. ಡಬ್ಬಿಯೊಳಗೆ ಏನಿತ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲು ಸ್ವಲ್ಪ ಹಿಸ್ಟರಿ.

(2/7)

ನಮ್ಮಜ್ಜ ಭದ್ರಾವತಿ ಕಾರ್ಖಾನೆಯ ಮೆಷಿನ್ ಶಾಪ್‌ನಲ್ಲಿದ್ದವರು. ಅವರ ಅಪ್ಪ ಕುಲುಮೆ ಕಡೆ. ಹಾಗಾಗಿ ನಮ್ಮನೆಯಲ್ಲಿ ಗಾಳಿ ಅನ್ನೋದು ಹಳೇ ವಿಷಯ.

ಕಮ್ಮಾರನ ತಿದಿ ನೋಡಿದೀರಲ್ಲ? ಎತ್ತಿದಾಗ ಗಾಳಿ ಒಳಗೆ, ಒತ್ತಿದಾಗ ಬೆಂಕಿಗೆ. ಒಳಗಿರೋ ಚರ್ಮದ ಪಟ್ಟಿ ಗಾಳಿ ವಾಪಸ್ ಹೋಗದ ಹಾಗೆ ಬಾಯಿ ಮುಚ್ಚುತ್ತೆ. ಅಂದ್ರೆ ಇಂಟೇಕ್ ವಾಲ್ವ್ ನಮ್ಮೂರಿಗೆ ಕಾರಿಗಿಂತ ಎಷ್ಟೋ ಮೊದಲೇ ಬಂದಿತ್ತು! ಅದೇ ತಿದಿಯ ದೊಡ್ಡ ರೂಪ ಊದುಕುಲುಮೆ. ವಿಶ್ವೇಶ್ವರಯ್ಯನವರು ಮೈಸೂರು ದಿವಾನರಾಗಿದ್ದ ಕಾಲದ ಯೋಜನೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1923ರ ಜನವರಿ 18ರಂದು ಮೈಸೂರು ಕಬ್ಬಿಣದ ಕಾರ್ಖಾನೆಯಾಗಿ ಶುರುವಾಯ್ತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ಮೂರನೇ ಪದಾರ್ಥದ ಹೆಸರನ್ನ ಯಾವ ಪಾಠಪುಸ್ತಕದಲ್ಲೂ ನಾನು ಓದಿಲ್ಲ, ಅದೇ ಗಾಳಿ. ಒಂದು ಟನ್ ಕಬ್ಬಿಣ ಇಳಿಸಬೇಕಾದ್ರೆ ಒಂದು ಟನ್‌ಗಿಂತ ಜಾಸ್ತಿ ಗಾಳಿ ಊದಬೇಕು. ತೂಕ ಹಾಕಿ ನೋಡಿದ್ರೆ ಕುಲುಮೆ ತಿನ್ನೋದರಲ್ಲಿ ಗಾಳಿಯ ಪಾಲು ಚಿಕ್ಕದೇನಲ್ಲ.

ಮೊದಲೆಲ್ಲ ತಣ್ಣನೆ ಗಾಳಿಯನ್ನೇ ಊದ್ತಿದ್ರು. 1828ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬೋಮಂಟ್ ನೀಲ್ಸನ್ ಗಾಳಿಯನ್ನ ಮೊದಲೇ ಬಿಸಿ ಮಾಡಿ ಊದೋ ವಿಧಾನಕ್ಕೆ ಪೇಟೆಂಟ್ ತಗೊಂಡ. ಇಂಧನ ಭಾರೀ ಉಳೀತು. ಇದ್ದಿಲೇ ಇಂಧನ ಆದ ಕಡೆ ಇಂಧನ ಉಳಿಯೋದು ಅಂದ್ರೆ ಕಾಡು ಉಳಿಯೋದು.

ಹಾಗಾಗಿ ಕುಲುಮೆಗೆ ಬಿಸಿ ಗಾಳಿ ಬೇಕು. ಇದನ್ನ ನೆನಪಿಟ್ಕೊಳ್ಳಿ, ಎಂಜಿನ್ ಕಥೆ ಇದಕ್ಕೆ ಪೂರ್ತಿ ಉಲ್ಟಾ.

(3/7)

ಕುಲುಮೆಯಲ್ಲಿ ಗಾಳಿ ಒಂದೇ ಸಮನೆ ಹರೀತಾ ಇರುತ್ತೆ. ಎಂಜಿನ್‌ನಲ್ಲಿ ಸಿಲಿಂಡರ್ ಅನ್ನೋದು ಅಳತೆ ಪಾವು ಇದ್ದ ಹಾಗೆ. ಆ ಪಾವಿಗೆ ಎಷ್ಟು ಗಾಳಿ ತುಂಬುತ್ತೋ ಅಷ್ಟಕ್ಕೆ ಮಾತ್ರ ಪೆಟ್ರೋಲ್: ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ. ಬಿಸಿ ಗಾಳಿ ಹಿಗ್ಗಿ ತೆಳುವಾಗುತ್ತೆ. 27 ಡಿಗ್ರಿ ಗಾಳಿ 57 ಡಿಗ್ರಿ ಆಯ್ತು ಅಂದ್ರೆ, ಒತ್ತಡ ಅಷ್ಟೇ ಇದ್ರೂ, ಅದೇ ಪಾವಿನಲ್ಲಿ ಸುಮಾರು 9% ಗಾಳಿ ಕಮ್ಮಿ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಗ್ಯಾಸ್ ಲಾ ಇದೇ ಮಾರಾಯ್ರೆ!

ಪಾವು ದೊಡ್ಡದು ಮಾಡದೆ ಜಾಸ್ತಿ ತುಂಬೋದು ಹೇಗೆ? ಒತ್ತಿ ತುಂಬಬೇಕು. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ, ಸೈಲೆನ್ಸರ್ ಕಡೆ ಹೋಗಿ ವೇಸ್ಟ್ ಆಗೋ ಹೊಗೆಯಿಂದಲೇ ಚಕ್ರ ತಿರುಗಿಸಿ ಗಾಳಿ ಒತ್ತೋ ಐಡಿಯಾಕ್ಕೆ ಪೇಟೆಂಟ್ ಮಾಡಿಸಿದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ವಿಮಾನದ ಎಂಜಿನ್ನನ್ನ ಪೈಕ್ಸ್ ಪೀಕ್ ಬೆಟ್ಟದ ಮೇಲೆ, ಸುಮಾರು 4,300 ಮೀಟರ್ ಎತ್ತರಕ್ಕೆ ಸಾಗಿಸಿ, ತೆಳು ಗಾಳಿಯಲ್ಲೂ ಟರ್ಬೊ ಕೆಲಸ ಮಾಡುತ್ತೆ ಅಂತ ತೋರಿಸಿದ. ಮಾರಾಟದ ಕಾರುಗಳಿಗೆ ಟರ್ಬೊ ಬಂದಿದ್ದು 1962ರಲ್ಲಿ.

ಒಂದು ಲೆಕ್ಕ ನೋಡಿ. 1976ರ ಮೊದಲ ಗಾಲ್ಫ್ ಜಿಟಿಐ, ಹಾಟ್ ಹ್ಯಾಚ್‌ಗಳ ಮುತ್ತಜ್ಜ ಅನ್ನಿ: 1.6 ಲೀಟರ್, ಟರ್ಬೊ ಇಲ್ಲ, 110 ಪಿಎಸ್. 2020ರಲ್ಲಿ ಇಲ್ಲಿಗೆ ಬಂದ ಅಣ್ಣನ ಥರದ ಪೋಲೋ: ಬರೀ 1 ಲೀಟರ್, ಅದೇ 110 ಪಿಎಸ್. ಇಂಜೆಕ್ಷನ್, ಎಲೆಕ್ಟ್ರಾನಿಕ್ಸ್ ಎಲ್ಲ ಸುಧಾರಿಸಿದೆ ನಿಜ. ಆದ್ರೂ ಕಮ್ಮಿಯಾದ 600 ಸಿಸಿ ಜಾಗ ತುಂಬಿರೋದು ಮುಖ್ಯವಾಗಿ ಒತ್ತಿದ ಗಾಳಿ.

(4/7)

ಗಾಳಿಗೂ ಪವರ್‌ಗೂ ಎಂಥ ನಂಟು ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಕಥೆ ಇದು. ಹೀರೊ ಅಲ್ಲ, ಕಳ್ಳರ ಕಥೆ.

1986ರಲ್ಲಿ ಸಾವುಗಳಾದ ಮೇಲೆ ವರ್ಲ್ಡ್ ರ‍್ಯಾಲಿಯಲ್ಲಿ ಗ್ರೂಪ್ ಬಿ ಅನ್ನೋ ಹುಚ್ಚು ಪವರ್‌ನ ಕಾರುಗಳನ್ನ ನಿಲ್ಲಿಸಿದ್ರು. ಆಮೇಲೆ ಪವರ್‌ಗೆ ಲಗಾಮು ಹಾಕೋಕೆ ಟರ್ಬೊ ಬಾಯಿಗೆ ಒಂದು ಉಂಗುರ ಕಡ್ಡಾಯ ಮಾಡಿದ್ರು. ಹೆಸರು ರಿಸ್ಟ್ರಿಕ್ಟರ್. 1995ರಲ್ಲಿ ಅದರ ತೂತು 34 ಮಿಲಿಮೀಟರ್. ನೀವು ಏನೇ ಸರ್ಕಸ್ ಮಾಡಿ, ಅಷ್ಟು ತೂತಿನಲ್ಲಿ ಹೋಗುವಷ್ಟೇ ಗಾಳಿ. ಗಾಳಿಗೂ ರೇಷನ್ ಕಾರ್ಡ್!

ಆ ವರ್ಷ ಸ್ಪೇನಿನ ಕ್ಯಾಟಲೂನ್ಯಾ ರ‍್ಯಾಲಿಯಲ್ಲಿ ಟೊಯೊಟಾ ಸೆಲಿಕಾ ಸಿಕ್ಕಿಬಿತ್ತು. ಬಿಚ್ಚಿ ಅಳೆದ್ರೆ ಉಂಗುರ ಸರಿಯಾಗೇ ಇದೆ. ಆದ್ರೆ ಪೈಪಿನ ಕ್ಲಾಂಪ್ ಬಿಗಿ ಮಾಡಿದ್ರೆ ಒಳಗಿರೋ ಸ್ಪ್ರಿಂಗ್‌ನಿಂದ ಉಂಗುರ ಸುಮಾರು 5 ಮಿಲಿಮೀಟರ್ ಸರಿದು, ಪಕ್ಕದಿಂದ ಕದ್ದು ಗಾಳಿ ಒಳಗೆ. ಕ್ಲಾಂಪ್ ಸಡಿಲ ಮಾಡಿದ್ರೆ ಮತ್ತೆ ಸ್ವಸ್ಥಾನಕ್ಕೆ. ಆ ವರ್ಷದ ಅಂಕಗಳೆಲ್ಲ ಹೋದವು, ಟೀಮ್‌ಗೆ ಒಂದು ವರ್ಷ ನಿಷೇಧ. ಚಾಂಪಿಯನ್ ಆಗಿದ್ದು ಸುಬಾರು ಓಡಿಸಿದ ಕಾಲಿನ್ ಮೆಕ್‌ರೇ.

ಇದನ್ನ ಓದಿದ ಅಣ್ಣ ಕುಣಿದಾಡಿಬಿಟ್ಟ. "ನೋಡಿದ್ಯಾ? ಗಾಳಿ ಬಿಟ್ರೆ ಪವರ್ ಬರುತ್ತೆ!" ನಾನು ಅಂದೆ, "ಹೌದು ಅಣ್ಣ, ಗಾಳಿಗೆ ಅಡ್ಡ ಇದ್ರೆ. ನಿನ್ನ ಗಾಡೀಲಿ ಅಡ್ಡ ಎಲ್ಲಿದೆ?"

(5/7)

ಲೆಕ್ಕ ಮಾಡಿದ್ವಿ. ಪೂರ್ತಿ 110 ಪಿಎಸ್ ಕೊಡುವಾಗ ಈ ಎಂಜಿನ್ ಎಳೆಯೋದು ನಿಮಿಷಕ್ಕೆ ಸುಮಾರು 4 ಸಾವಿರ ಲೀಟರ್ ಗಾಳಿ. 200 ಲೀಟರ್ ಡ್ರಮ್ಮಿನ ಲೆಕ್ಕದಲ್ಲಿ ಇಪ್ಪತ್ತು ಡ್ರಮ್! ಕೇಳೋಕೆ ಜಾಸ್ತಿ ಅನ್ಸುತ್ತೆ. ಆದ್ರೆ ಕಂಪನಿಯ ಡಬ್ಬಿ ಮಾಡಿರೋದೇ ಇಷ್ಟು ಗಾಳಿಗೆ. ಮಡಿಕೆ ಮಡಿಕೆ ಪೇಪರ್ ಬಿಚ್ಚಿ ಹರಡಿದ್ರೆ ಗೊತ್ತಾಗುತ್ತೆ ಜಾಗ ಎಷ್ಟಿದೆ ಅಂತ.

ಇನ್ನೊಂದು ಮುಖ್ಯ ವಿಷಯ. ಟರ್ಬೊ ಗಾಡೀಲಿ ಎಷ್ಟು ಬೂಸ್ಟ್ ಬೇಕು ಅಂತ ಡಿಸೈಡ್ ಮಾಡೋದು ಇಸಿಯು. ಫಿಲ್ಟರ್ ಸ್ವಲ್ಪ ತಡೆದ್ರೆ ವೇಸ್ಟ್‌ಗೇಟ್ ಸ್ವಲ್ಪ ಮುಚ್ಚಿ ಟರ್ಬೊನ ಜೋರಾಗಿ ತಿರುಗಿಸುತ್ತೆ. ನೀವು ಸಲೀಸಾಗಿ ಗಾಳಿ ಬಿಟ್ರೆ ಅದೇ ಬೂಸ್ಟ್‌ಗೆ ಟರ್ಬೊ ಸ್ವಲ್ಪ ಆರಾಮಾಗಿ ತಿರುಗುತ್ತೆ. ಟಾರ್ಗೆಟ್ ಮಾತ್ರ ಅದೇ. ಇಸಿಯು ರೀಮ್ಯಾಪ್ ಮಾಡಿ ಟಾರ್ಗೆಟ್ ಏರಿಸಿದವರಿಗೆ ಇಂಟೇಕ್ ಲೆಕ್ಕಕ್ಕೆ ಬರುತ್ತೆ. ಸ್ಟಾಕ್ ಗಾಡಿಗೆ ಹದಿನೈದು ಎಚ್‌ಪಿ ಅನ್ನೋದು ಅಂಗಡಿ ಮಾತು.

ಹಾಗಾದ್ರೆ ಯಾವುದು ಹೇಗೆ? ಕಂಪನಿ ಡಬ್ಬಿಯೊಳಗೇ ಕೂರೋ ಎಣ್ಣೆ ಹಚ್ಚಿದ ಕಾಟನ್ ಪ್ಯಾನೆಲ್ (ಕೆ ಅಂಡ್ ಎನ್, ಬಿಎಂಸಿ ಇತ್ಯಾದಿ): ತೊಳೆದು ಮತ್ತೆ ಬಳಸಬಹುದು, ತಡೆ ಸ್ವಲ್ಪ ಕಮ್ಮಿ. ಆದ್ರೆ ಗಾಳಿಗೆ ಸಲೀಸಾದ ಜಾಲರಿ ಸಾಮಾನ್ಯವಾಗಿ ಸಣ್ಣ ಧೂಳಿಗೂ ಸ್ವಲ್ಪ ಸಲೀಸೇ. ಎಣ್ಣೆ ಜಾಸ್ತಿ ಸುರಿದ್ರೆ, ಮಾಸ್ ಏರ್ ಫ್ಲೋ ಸೆನ್ಸರ್ ಇರೋ ಗಾಡಿಗಳಲ್ಲಿ ಅದಕ್ಕೆ ಅಂಟಿಕೊಳ್ಳೋ ಅಪಾಯ ಬೇರೆ. ಪೈಪರ್‌ಕ್ರಾಸ್ ಥರದವರದ್ದು ಫೋಮ್. ಓಪನ್ ಕೋನ್: ನೋಡೋಕೆ ಚೆಂದ, ಸೌಂಡ್ ಸೂಪರ್, ಆದ್ರೆ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತೆ. ಇಂಟರ್‌ಕೂಲರ್ ಆಮೇಲೆ ಒಂದಿಷ್ಟು ತಣಿಸುತ್ತೆ ಅನ್ನಿ, ಆದ್ರೂ ಬಿಸಿ ಮಾಡಿ ತಣಿಸೋದು ಎಂಥ ಕೆಲಸ? ಮುಚ್ಚಿದ ಡಬ್ಬಿ ಇರೋ, ಗ್ರಿಲ್ ಕಡೆಯಿಂದ ಎಳೆಯೋ ಕಿಟ್ ಇವೆಲ್ಲಕ್ಕಿಂತ ಮೇಲು. ಬೆಲೆ ಕೇಳಿದ್ರೆ ಮಾತ್ರ ಕೂತ್ಕೋಬೇಕು.

(6/7)

ಫ್ರೆಂಡ್ ಒಬ್ಬನ ಗಾಡಿಯಿಂದ ಓಪನ್ ಕೋನ್ ಒಂದು ದಿನಕ್ಕೆ ಇಸ್ಕೊಂಡ್ವಿ. ಬಾನೆಟ್ ಒಳಗೆ ಕೋನ್ ಪಕ್ಕ ಒಂದು ಥರ್ಮಾಮೀಟರ್ ತಂತಿ ಕಟ್ಟಿ ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರೋಡಲ್ಲಿ ಹೊರಟ್ವಿ. ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಬಿಸಿ ಏರ್ತಾ ಹೋಯ್ತು, ಊರು ದಾಟಿ ಗಾಡಿ ಓಡಿದ ಮೇಲೆ ಇಳೀತು. ಅಣ್ಣ ಮಾತ್ರ ದಾರಿಯುದ್ದಕ್ಕೂ "ಏನು ಪಿಕಪ್ ಮಾರಾಯ!" ಅಂತಿದ್ದ. ಸ್ಟಾಪ್‌ವಾಚ್ ನನ್ನ ಕೈಲಿತ್ತು. ಹಳೇ ಡಬ್ಬಿಗೂ ಇದಕ್ಕೂ ಅದರಲ್ಲಿ ವ್ಯತ್ಯಾಸ ಸಿಗಲಿಲ್ಲ. ಫಾಸ್ಟ್ ಆಗಿದ್ದು ಕಿವಿ ಮಾತ್ರ.

ಮಳೆಗಾಲದ ಮಾತು ಬೇರೆ. ಕೆಲವು ಕೋಲ್ಡ್ ಏರ್ ಕಿಟ್‌ಗಳ ಬಾಯಿ ಬಂಪರ್ ಕೆಳಗೆ ಇರುತ್ತೆ. ತುಂಗೆಯ ಮಂಟಪ ಮುಳುಗೋ ದಿನಗಳಲ್ಲಿ ನಮ್ಮ ತಗ್ಗು ರೋಡುಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತು. ಗಾಳಿಯನ್ನ ಒತ್ತಬಹುದು, ನೀರನ್ನ ಒತ್ತೋಕಾಗಲ್ಲ. ಸಿಲಿಂಡರ್‌ಗೆ ನೀರು ಹೋದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಎಂಜಿನ್ ಕೆಲಸಕ್ಕೆ ಬರಲ್ಲ.

ಧೂಳಿನ ಹಿಸ್ಟರಿನೂ ಸ್ವಲ್ಪ ಹೇಳ್ಬೇಕು. ಫೋರ್ಡ್ ಮಾಡೆಲ್ ಟಿಗೆ ಏರ್ ಫಿಲ್ಟರೇ ಇರಲಿಲ್ಲ! ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಎಣ್ಣೆ ಬಟ್ಟಲಿನ ಫಿಲ್ಟರ್: ಗಾಳಿ ಎಣ್ಣೆಯ ಮೇಲೆ ಗಕ್ಕನೆ ತಿರುಗಿದಾಗ ಭಾರದ ಧೂಳು ತಿರುಗೋಕಾಗದೆ ಎಣ್ಣೆಗೆ ಬೀಳುತ್ತೆ. ನಮ್ಮ ಕಡೆ ಹಳೇ ಮಹೀಂದ್ರ ಜೀಪು, ಟ್ರ್ಯಾಕ್ಟರ್ ಇರೋ ಮನೆಯವರಿಗೆ ಆ ಬಟ್ಟಲು ಗೊತ್ತಿರುತ್ತೆ. ಬಗ್ಗಿಸಿದ್ರೆ ಬರೋದು ಕೆಸರು.

(7/7)

ಈಗ ಡಬ್ಬಿ. ಕೋನ್ ಫ್ರೆಂಡ್‌ಗೆ ವಾಪಸ್ ಕೊಟ್ಟು, ಕಂಪನಿ ಡಬ್ಬಿ ಮತ್ತೆ ಕೂರಿಸೋ ಮೊದಲು ಅಜ್ಜನ ಮುಂದೆ ಇಟ್ವಿ. ಅಜ್ಜ ಫಿಲ್ಟರ್ ಕಡೆ ನೋಡಲೇ ಇಲ್ಲ. ಫಿಲ್ಟರ್ ಆದಮೇಲಿನ ಪೈಪಿನೊಳಗೆ, ಅಂದ್ರೆ ಕ್ಲೀನ್ ಇರಬೇಕಾದ ಕಡೆ, ಬೆರಳು ಹಾಕಿ ತೆಗೆದ್ರು. ಬೆರಳ ತುದಿ ಕೆಂಪು.

ಮುಚ್ಚಳದ ಒಂದು ಮೂಲೆಗೆ ಸ್ಕ್ರೂ ಇರಲಿಲ್ಲ. ಹಿಂದೆ ಯಾವಾಗಲೋ ಸರ್ವಿಸ್ ಮಾಡಿದವರು ಹಾಗೇ ಬಿಟ್ಟಿದ್ದಾರೆ. ಆ ಸಂದಿಯಿಂದ ಫಿಲ್ಟರ್ ತಪ್ಪಿಸಿ ಧೂಳು ನೇರ ಒಳಗೆ. 1995ರ ಟೊಯೊಟಾ ಬೇಕಂತಲೇ ಮಾಡಿದ್ದನ್ನ ಅಣ್ಣನ ಪೋಲೋ ತಿಳೀದೇ ಮಾಡ್ತಿತ್ತು, ಪ್ರೈಜ್ ಮಾತ್ರ ಇಲ್ಲ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತೋ ಟರ್ಬೊ ಬ್ಲೇಡಿಗೆ ಧೂಳು ಅಂದ್ರೆ ಮರಳು ಕಾಗದ.

ಅಣ್ಣನ ಮುಖ ನೋಡೋಕಾಗ್ಲಿಲ್ಲ. ಇನ್ನೂ ಇಎಂಐ ಮುಗಿಯದ ಗಾಡಿ. ಆ ರಾತ್ರಿ ಅವನು ಊಟ ಸರಿಯಾಗಿ ಮಾಡಲಿಲ್ಲ ಅಂತ ದೊಡ್ಡಮ್ಮ ಫೋನ್ ಮಾಡಿದ್ರು. ಮಾರನೇ ದಿನ ಆಟೋ ಕಾಂಪ್ಲೆಕ್ಸ್ ಕಡೆ ಒಬ್ಬ ಮೆಕ್ಯಾನಿಕ್ ಹತ್ರ ಪೈಪ್ ಬಿಚ್ಚಿಸಿ ಟಾರ್ಚ್ ಹಾಕಿ ನೋಡಿಸಿದ್ವಿ. ಬ್ಲೇಡಿನ ಅಂಚು ಸರಿಯಾಗಿದೆ, ಚಕ್ರ ಅಲ್ಲಾಡ್ತಿಲ್ಲ. ಕಂಪ್ರೆಷನ್ನೂ ಚೆಕ್ ಮಾಡಿದ್ರು, ಮೂರೂ ಸಿಲಿಂಡರ್ ಸಮ ಇದ್ದವು. ಬದುಕಿದೆ ಅಂದ ಅಣ್ಣ.

ಇಂಟೇಕ್ ದುಡ್ಡಿನಲ್ಲಿ ಪೈಪ್ ಕ್ಲೀನಿಂಗ್, ಹೊಸ ಪೇಪರ್ ಫಿಲ್ಟರ್, ಸ್ಕ್ರೂ, ಆಯಿಲ್ ಚೇಂಜ್ ಎಲ್ಲ ಆಗಿ ಇನ್ನೂ ಉಳೀತು. ಅಣ್ಣ ಉಳಿದ ದುಡ್ಡಲ್ಲಿ ಕಾಟನ್ ಪ್ಯಾನೆಲ್ ತಗೊಳ್ಳೋಣ ಅಂತಾನೆ. ನಾನು ಪೇಪರ್ರೇ ಇರಲಿ ಅಂತೀನಿ. ಜಗಳ ನಡೀತಾ ಇದೆ.

ಅಜ್ಜ ಹೋದ ಭಾನುವಾರ ನಮ್ಮನ್ನ ಭದ್ರಾವತಿಗೆ ಕರ್ಕೊಂಡು ಹೋಗಿದ್ರು. 2023ರಲ್ಲಿ, ನೂರು ವರ್ಷ ತುಂಬಿದ ಅದೇ ಜನವರಿಯಲ್ಲಿ, ಕಾರ್ಖಾನೆ ಮುಚ್ಚೋ ಸುದ್ದಿ ಬಂದು ಗುತ್ತಿಗೆ ಕಾರ್ಮಿಕರು ಧರಣಿ ಕೂತಿದ್ದನ್ನ ನೀವೂ ನೋಡಿರ್ತೀರಿ. ಗೇಟಿನ ಹತ್ರ ಗಾಡಿ ನಿಲ್ಲಿಸಿದ್ವಿ. ಅಜ್ಜ ಇಳಿಯಲಿಲ್ಲ. ಸ್ವಲ್ಪ ಹೊತ್ತು ಆ ಕಡೆ ನೋಡಿದ್ರು. ಆಮೇಲೆ ಅಣ್ಣನಿಗೆ, "ಎಂಜಿನ್ ಆಫ್ ಮಾಡಬೇಡ, ಇನ್ನೊಂದ್ಸಲ ಎಳಿ, ಕೇಳೋಣ" ಅಂದ್ರು.

ಕೊನೇ ಸ್ಲೈಡಲ್ಲಿರೋದು ಆ ಹಳೇ ಫಿಲ್ಟರ್. ನ್ಯೂಸ್ ಪೇಪರ್ ಮೇಲೆ ಕುಟ್ಟಿದಾಗ ಉದುರಿದ ಕೆಂಪು ಪುಡಿನೂ ಇದೆ. ಅಜ್ಜ ಅದನ್ನ ಬೆರಳಲ್ಲಿ ಉಜ್ಜಿ ನೋಡಿ ಹೇಳಿದ್ದು: "ಒಳ್ಳೇ ಅದಿರು ಕಣೋ, ಕಾರ್ಖಾನೆಗೆ ಕೊಟ್ಟಿದ್ರೆ ತಗೊಳ್ತಿದ್ರು."

#ಗಾಳಿಕಥೆ #ಕೋಟೆ #ಭದ್ರಾವತಿ #ಪೋಲೋಜಿಟಿ