ಕಾಡಿನ ಎಲೆಯ ಲೆಕ್ಕ

ಬೆಟ್ಟದ ಕಾಡುಗಿಡವೊಂದರ ಮೇಲೆ ಹೊಸ ಶಿಲೀಂಧ್ರ ದಾಖಲಾಯಿತೆಂದರೆ ಹೊಸ ರೋಗವೇ ಬಂತೆಂದು ಅನೇಕರು ತಿಳಿಯುತ್ತಾರೆ. ಹೆಚ್ಚಿನ ಸಲ ಹೊಸದಾಗಿರುವುದು ನಮ್ಮ ನೋಟ. ಶಿಲೀಂಧ್ರ ಅಲ್ಲಿ ಮೊದಲೇ ಇರುತ್ತದೆ. ಕಾಫಿಯ ತುಕ್ಕುರೋಗದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1861ರಲ್ಲಿ ಆಫ್ರಿಕದ ವಿಕ್ಟೋರಿಯಾ ಸರೋವರದ ಸೀಮೆಯಲ್ಲಿ ಬ್ರಿಟಿಷ್ ಪ್ರವಾಸಿಯೊಬ್ಬ ಕಾಡುಕಾಫಿಯ ಮೇಲೆ ಅದನ್ನು ಕಂಡಿದ್ದ. ಅದಕ್ಕೆ ಹೆಸರು ಬಂದದ್ದು 1869ರಲ್ಲಿ, ಸಿಂಹಳದ ತೋಟಗಳಿಗೆ ರೋಗ ತಗುಲಿದ ಮೇಲೆ. ಶಿಲೀಂಧ್ರತಜ್ಞರಾದ ಬರ್ಕ್ಲಿ ಮತ್ತು ಬ್ರೂಮ್ ಅದನ್ನು ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂದು ಕರೆದರು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ; ಸೂಕ್ಷ್ಮದರ್ಶಕದಲ್ಲಿ ಅದರ ಒಂದೊಂದು ಕಣವೂ ಕಿತ್ತಳೆಯ ತೊಳೆಯಂತೆ, ಒಂದು ಮೈ ನುಣುಪು, ಇನ್ನೊಂದು ಮೈ ಮುಳ್ಳುಮುಳ್ಳು. 'ಅರೆನುಣುಪು' ಎಂಬುದೇ ಹೆಮಿಲಿಯಾ ಪದದ ಅರ್ಥ. ಕೆಲವು ದಶಕಗಳಲ್ಲೇ ಸಿಂಹಳ ಕಾಫಿ ಬಿಟ್ಟು ಚಹಾ ಹಿಡಿಯಿತು.

ನಮ್ಮ ಮಲೆನಾಡಿನಲ್ಲಿ ಕಾಫಿಯ ಇನ್ನೊಂದು ರೋಗದ ಮೊದಲ ದಾಖಲೆ ಬೆಳೆಗಾರರ ಮಾತಿನಲ್ಲೇ ಇತ್ತು. ಮಳೆಗಾಲದಲ್ಲಿ ಕಾಫಿಯ ಎಲೆ ಕಪ್ಪಾಗಿ ಕೊಳೆಯುತ್ತದೆ. ತೊಟ್ಟು ಕಳಚಿದರೂ ನೆಲಕ್ಕೆ ಬೀಳದೆ ಶಿಲೀಂಧ್ರದ ಎಳೆಗಳಲ್ಲಿ ಜೋತಾಡುತ್ತದೆ. ಜನ ಇದನ್ನು ಕೊಳೆರೋಗ ಎಂದರು. 1876ರಲ್ಲಿ ಶಿಲೀಂಧ್ರತಜ್ಞ ಎಂ.ಸಿ. ಕುಕ್ ಆ ಕನ್ನಡ ಪದವನ್ನೇ ಎತ್ತಿಕೊಂಡು ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟರು. 1958ರಲ್ಲಿ ಇನ್ನೊಬ್ಬ ತಜ್ಞ ಡಾಂಕ್ ಕೊಳೆರೋಗವನ್ನು ಕುಲದ ಹೆಸರನ್ನಾಗಿಯೇ ಮಾಡಿದರು. ಆದರೆ ಅಡಿಕೆಗೆ ಬರುವ ಕೊಳೆಗೂ ಇದೇ ಹೆಸರು, ಕಾರಣ ಮಾತ್ರ ಬೇರೆಯೇ ಜೀವಿ. ಅದು ಫೈಟಾಫ್ತೊರಾ, ಅದನ್ನು ಕುರಿತ ವಿವರವಾದ ಅಧ್ಯಯನವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಕಟಿಸಿದರು. ಜನರ ಮಾತು ಲಕ್ಷಣವನ್ನು ಹಿಡಿದಿತ್ತು, ದಾಖಲೆ ಕಾರಣವನ್ನು ಬಿಡಿಸಿ ತೋರಿಸಿತು. ಮದ್ದಿನ ದಾರಿ ತೆರೆಯಲು ಎರಡೂ ಬೇಕಾದವು.

ತೋಟದ ಬೆಳೆಗೆ ಈ ಶ್ರಮ ಸರಿ, ಕಾಡುಗಿಡದ ಮಚ್ಚೆಗಳನ್ನು ಎಣಿಸಿ ಯಾರಿಗೇನು ಲಾಭ ಎಂದು ಕೇಳಬಹುದು. ಕಾಡಿನಲ್ಲಿ ಇಂಥ ಶಿಲೀಂಧ್ರಗಳು ಗಿಡವನ್ನು ಕೊಲ್ಲುವುದು ಅಪರೂಪ ಎಂಬುದೂ ನಿಜ. ಆದರೆ ಕಾಫಿಯ ಕುಟುಂಬದ್ದೇ ಆದ ಕ್ಯಾಂಥಿಯಂ ಗಿಡದ ಮೇಲೆ ಹೆಮಿಲಿಯಾದ ಇನ್ನೊಂದು ಜಾತಿ ಬದುಕುತ್ತದೆ. ಅದು ಬೇರೆ ಜಾತಿ ಎಂದು ಯಾರೋ ನೋಡಿ ಬರೆದಿಟ್ಟಿದ್ದರಿಂದಲೇ ತೋಟದ ತುಕ್ಕಿಗೆ ಪಕ್ಕದ ಕಾಡನ್ನು ಸುಮ್ಮನೆ ದೂರುವ ತಪ್ಪಿನಿಂದ ನಾವು ಪಾರಾಗುತ್ತೇವೆ. ಶಿಲೀಂಧ್ರತಜ್ಞ ವಿ.ಬಿ. ಹೊಸಗೌಡರ್ 1996ರಲ್ಲಿ ಭಾರತದ ಮೆಲಿಯೋಲೇಲ್ಸ್ ಗಣವನ್ನು, ಅಂದರೆ ಜೀವಂತ ಎಲೆಯ ಮೇಲೆ ಮಸಿಯ ಚುಕ್ಕೆಯಂತೆ ಹಬ್ಬುವ ಶಿಲೀಂಧ್ರಗಳನ್ನು, ಒಂದು ಗ್ರಂಥಕ್ಕೆ ತಂದದ್ದು ಇಂಥದೇ ಕೆಲಸ. ಈ ಶಿಲೀಂಧ್ರಗಳು ಬದುಕಿರುವ ಎಲೆಯನ್ನು ಬಿಟ್ಟು ಬೆಳೆಯಲಾರವು. ಆಶ್ರಯ ಕೊಟ್ಟ ಗಿಡ ಅಳಿದರೆ ಅದನ್ನೇ ನಂಬಿದ ಶಿಲೀಂಧ್ರವೂ ಅಳಿಯುತ್ತದೆ. ಹಾಗಾಗಿ ಒಣಗಿದ ಎಲೆಯನ್ನು ಕಾಗದದಲ್ಲಿ ಮಡಚಿ, ಊರು, ತಾರೀಕು, ಗಿಡದ ಹೆಸರು ಬರೆದಿಡುವ ಪದ್ಧತಿಯನ್ನು ನಾನು ಕಾಡಿನ ಜಮಾಬಂದಿ ಎಂದೇ ಕಾಣುತ್ತೇನೆ. ಇಂದು ಬರೆಯದ ಬಾಬನ್ನು ನಾಳೆ ಕಳೆದುಹೋಯಿತೆಂದು ಹೇಳಲೂ ನಮಗೆ ಆಧಾರವಿರುವುದಿಲ್ಲ.