ರಬ್ಬರಿನ ಶಾಸನ

ಇತಿಹಾಸ ಪಾಠ ಮಾಡುವವರಿಗೆ ಒಂದು ಚಟವಿರುತ್ತದೆ. ಎಲ್ಲಿ ಏನು ಕೆತ್ತಿದ್ದರೂ ಬಗ್ಗಿ ಓದಬೇಕು. ನಮ್ಮ ರಾಜಗೋಪಾಲನಗರದಲ್ಲಿ ವೀರಗಲ್ಲು, ದಾನಶಾಸನಗಳನ್ನು ಎಲ್ಲಿಂದ ತರುವುದು? ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಬಡಾವಣೆ ಇದು. ಲೇತ್ ಯಂತ್ರದ ಸದ್ದಿಗೇ ಬೆಳಗಾಗುತ್ತದೆ. ರಸ್ತೆಯುದ್ದಕ್ಕೂ ಲಾರಿ, ಟೆಂಪೋ. ಪಂಚರ್ ಅಂಗಡಿಗಳ ಮುಂದೆ ಪೇರಿಸಿಟ್ಟ ಹಳೆಯ ಟೈರು. ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಓದಲು ಸಿಗುವ ಶಾಸನಗಳೆಂದರೆ ಅವೇ. ನಗಬೇಡಿ, ಹಳಗನ್ನಡದ ಶಾಸನದಂತೆ ಅದರಲ್ಲೂ ಒಂದೊಂದು ಕಾಲದ ಅಕ್ಷರ ಒಂದರ ಪಕ್ಕ ಒಂದು ಕೂತಿದೆ.

ಅದನ್ನು ಸರಿಯಾಗಿ ಓದಲೇಬೇಕಾದ ಸಂದರ್ಭವೂ ಬಂತು. ನನ್ನ ತಂಗಿಗೆ ಬೆನ್ನುಮೂಳೆಯ ತೊಂದರೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕು, ಆಟೋದಲ್ಲಿ ಕುಲುಕಾಡಿಕೊಂಡು ಹೋಗಿಬಂದರೆ ಎರಡು ದಿನ ಹಾಸಿಗೆ ಹಿಡಿಯುತ್ತಾಳೆ. ಅವಳಿಗಾಗಿಯೇ ಅವಳ ಮಗ ಸಾಲ ಮಾಡಿ ಸ್ವಿಫ್ಟ್ ಕಾರು ಕೊಂಡ. ಹುಡುಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದಾನೆ. ಗೆಳೆಯರ ಕಾರು ನೋಡಿ, 14 ಅಂಗುಲದ ಚಕ್ರ ತೆಗೆಸಿ 17 ಅಂಗುಲದ್ದು ಹಾಕಿಸುವ ಹಂಬಲ ಹತ್ತಿತು. "ಲೋ ಪ್ರೊಫೈಲ್ ಟೈರು ದೊಡ್ಡಮ್ಮ, ನಿಮಗೆ ಗೊತ್ತಾಗಲ್ಲ ಬಿಡಿ" ಅಂದ. ಬಿಡುವ ಜಾತಿಯೇ ನಾನು?

ಅವನ ಕಾರಿನ ಟೈರಿನ ಮೇಲಿದ್ದದ್ದು 165/80 ಆರ್ 14. ಮೊದಲು ಕೊನೆಯ ಅಂಕಿ. ಅದು ಬಳೆಯ ಅಳತೆ ಇದ್ದಂತೆ. ಬಳೆ ಅಂಗಡಿಯಲ್ಲಿ ನಾವು ಎರಡು ನಾಲ್ಕು, ಎರಡು ಆರು ಎಂದು ಕೇಳುತ್ತೇವಲ್ಲ, ಅದು ಒಳವ್ಯಾಸ. ಎರಡು ನಾಲ್ಕು ಎಂದರೆ ಎರಡು ಅಂಗುಲ, ಮೇಲೆ ಅಂಗುಲದ ಹದಿನಾರನೇ ನಾಲ್ಕು ಪಾಲು. 14 ಎಂಬುದೂ ಹಾಗೆಯೇ, ರಿಮ್ಮು ಕೂರುವ ಜಾಗದ ವ್ಯಾಸ, ಅಂಗುಲದಲ್ಲಿ. ಮೊದಲಿನ 165 ಮಾತ್ರ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಒಂದೇ ವಸ್ತುವಿಗೆ ಎರಡು ಬಗೆಯ ಅಳತೆ ಯಾಕೆ? ಇತಿಹಾಸ ಇರುವುದೇ ಅಲ್ಲಿ.

ಗಾಳಿ ತುಂಬಿದ ಚಕ್ರಕ್ಕೆ ಮೊದಲು ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗ ಅದಕ್ಕೆ ತಕ್ಕ ವಾಹನವೇ ಇರಲಿಲ್ಲ, ಜನ ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಮಗುವಿಗೆ ಕುಲುಕಾಟ ತಪ್ಪಲಿ ಎಂದು ಹುಟ್ಟಿದ ವಸ್ತು ಇದು, ನೆನಪಿಡಿ. ನಮ್ಮ ಹಳ್ಳಿಗಳಲ್ಲಿ ಇದರ ಬೆಲೆ ಗೊತ್ತಾದದ್ದು ಟೈರ್ ಗಾಡಿ ಬಂದಾಗ. ಮರದ ಚಕ್ರಕ್ಕೆ ಕಾಸಿದ ಕಬ್ಬಿಣದ ಪಟ್ಟಿ ಬಿಗಿದು ನೀರು ಸುರಿಯುತ್ತಿದ್ದ ಕಮ್ಮಾರನ ಕೆಲಸಕ್ಕೆ ಕುತ್ತು ಬಂತು, ಎತ್ತುಗಳ ಹೆಗಲಿಗೆ ಸುಖವಾಯಿತು.

ಇಂಗ್ಲಿಷರು, ಅಮೆರಿಕದವರು ಎಲ್ಲವನ್ನೂ ಅಂಗುಲದಲ್ಲೇ ಅಳೆದರು. ನಮ್ಮ ಅಂಬಾಸಿಡರಿನ ಟೈರು 5.90-15, ಫಿಯಟ್ಟಿನದು 5.20-14. ಎರಡೂ ಅಂಕಿ ಅಂಗುಲ. ಅದರೊಳಗಿನ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ದಾಟುತ್ತಿದ್ದವು. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಹಕ್ಕುಪತ್ರ ಪಡೆದ ರೇಡಿಯಲ್ ಟೈರಿನಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ, ನೆಲ ಮುಟ್ಟುವಲ್ಲಿ ಉಕ್ಕಿನ ಪಟ್ಟಿ. ನಮ್ಮ ಅಂಕಿಯ ನಡುವೆ ಇರುವ 'ಆರ್' ಅದೇ. ಫ್ರೆಂಚರ ಜೊತೆಗೆ ಮಿಲಿಮೀಟರೂ ಬಂತು. 1975ರಲ್ಲಿ ಅವರು ರಿಮ್ಮನ್ನೂ ಮಿಲಿಮೀಟರಿಗೆ ತರಲು ಟಿಆರ್‌ಎಕ್ಸ್ ಎಂಬ ಟೈರು ಮಾಡಿದರು, ಲೋಕ ಒಪ್ಪಲಿಲ್ಲ. ಅಂಗುಲ ಅಲ್ಲೇ ಕೂತಿತು. ಸಂಧಿಪತ್ರದ ಹಾಗೆ ಇಬ್ಬರ ರುಜುವೂ ಇದೆ!

ನಮ್ಮ ಮೈಸೂರಿಗೂ ಈ ಕಥೆಯಲ್ಲಿ ಪಾಲಿದೆ. ರಾಜ್ಯ ಸರ್ಕಾರವೂ ಕೈಜೋಡಿಸಿ 1970ರ ದಶಕದಲ್ಲಿ ಹುಟ್ಟಿಸಿದ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಕಂಪನಿಯ ಕೈಸೇರಿತು. ಕೆ.ಆರ್.ಎಸ್. ರಸ್ತೆಯ ಮೇಟಗಳ್ಳಿಯಲ್ಲಿ ಈಗಲೂ ಟೈರು ತಯಾರಾಗುತ್ತದೆ.

ಇನ್ನು ನಡುವಿನ 80. ಅದು ಶೇಕಡಾ ಲೆಕ್ಕ. ಅಗಲ 165ರ ನೂರಕ್ಕೆ ಎಂಬತ್ತು, ಅಂದರೆ 132 ಮಿಲಿಮೀಟರು, ಟೈರಿನ ಪಕ್ಕದ ಗೋಡೆಯ ಎತ್ತರ. ಹಳೆಯ ಟೈರುಗಳಲ್ಲಿ ಈ ಅಂಕಿಯನ್ನು ಬರೆಯುತ್ತಲೇ ಇರಲಿಲ್ಲ, ಅಗಲವೂ ಎತ್ತರವೂ ಹೆಚ್ಚುಕಡಿಮೆ ಒಂದೇ. ಓಟದ ಕಾರುಗಳು ಬಂದ ಮೇಲೆ ಗೋಡೆ ಕುಗ್ಗತೊಡಗಿತು. ಎತ್ತರದ ಗೋಡೆ ತಿರುವಿನಲ್ಲಿ ವಾಲಾಡುತ್ತದೆ, ಗಿಡ್ಡದ್ದು ನೆಟ್ಟಗೆ ನಿಲ್ಲುತ್ತದೆ. ರಿಮ್ಮು ದೊಡ್ಡದಾದರೆ ಒಳಗೆ ದೊಡ್ಡ ಬ್ರೇಕಿಗೂ ಜಾಗ. ಇಟಲಿಯ ಪಿರೆಲಿಯವರ ಪಿ 7 ಟೈರು 1970ರ ದಶಕದಲ್ಲಿ ಪೋರ್ಷೆ 911 ಟರ್ಬೊ ಕಾರಿಗೆ ಹೋದಾಗ ಆ ಅಂಕಿ 50ಕ್ಕೆ ಇಳಿದಿತ್ತು. ಓಟದವರ ಅಗತ್ಯ ಆಮೇಲೆ ಶೋಕಿಯವರ ಆಸೆಯಾಯಿತು. ನಗನಾಣ್ಯದಲ್ಲೂ ಹಾಗೆಯೇ ಅಲ್ಲವೆ?

ಕಾಗದ ತೆಗೆದು ಲೆಕ್ಕಕ್ಕೆ ಕೂತೆವು. ಅಂಗುಲಕ್ಕೆ 25.4 ಮಿಲಿಮೀಟರು. ರಿಮ್ಮು 355.6, ಮೇಲೆ ಕೆಳಗೆ ಎರಡು ಗೋಡೆ ಸೇರಿ 264, ಒಟ್ಟು ಎತ್ತರ 619.6. ಈ ಒಟ್ಟು ಎತ್ತರ ಬದಲಾಗಬಾರದು, ಅದೇ ಮುಖ್ಯ ಸೂತ್ರ. ರಿಮ್ಮು ಹಿಗ್ಗಿದಷ್ಟು ರಬ್ಬರು ಕುಗ್ಗಬೇಕು, ಸೀರೆಯ ಅಂಚು ದೊಡ್ಡದಾದಷ್ಟು ಒಡಲು ಚಿಕ್ಕದಾಗುವ ಹಾಗೆ. ಕುಗ್ಗಿಸದೆ 165/80 ಟೈರನ್ನೇ 16 ಅಂಗುಲಕ್ಕೆ ಹಾಕಿದರೆ ಎತ್ತರ 670 ದಾಟುತ್ತದೆ. ಮೀಟರು 60 ತೋರಿಸುವಾಗ ಕಾರು ನಿಜವಾಗಿ 65ರ ಹತ್ತಿರ ಓಡುತ್ತಿರುತ್ತದೆ, ಸ್ಟೀರಿಂಗ್ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಲೂಬಹುದು.

ಅವನಿಗೆ ಅಂಗಡಿಯವರು ಹೇಳಿದ್ದ 205/45 ಆರ್ 17 ಲೆಕ್ಕಕ್ಕೆ 616.3 ಬಂತು. ಹುಡುಗನ ಮುಖ ಅರಳಿತು. ಆದರೆ ಗೋಡೆ ನೋಡಿ, 132 ಇದ್ದದ್ದು 92. ನಮ್ಮ ಪೀಣ್ಯದ ಗುಂಡಿಗೆ ಇಳಿದಾಗ ತಾಳಿಕೊಳ್ಳುವ ಗಾಳಿಮೆತ್ತೆಯಲ್ಲಿ ಒಂದೂವರೆ ಅಂಗುಲ ಹೋಯಿತು. ಆ ಹೊಡೆತ ಮೊದಲು ರಿಮ್ಮಿಗೆ, ಆಮೇಲೆ ನನ್ನ ತಂಗಿಯ ಬೆನ್ನಿಗೆ.

ಇನ್ನೂ ಒಂದಿದೆ. ಅಳತೆಯ ಪಕ್ಕದಲ್ಲಿ 85 ಟಿ ಎಂದಿತ್ತು. 85 ಎಂದರೆ ಕಿಲೋ ಅಲ್ಲ, ಅದೊಂದು ಸಂಕೇತ. ಆ ಟೈರು 515 ಕಿಲೋ ಹೊರಬಲ್ಲದು ಎಂದರ್ಥ. ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ. ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. 205/45 ಆರ್ 17 ಟೈರು 84ರ ಸಂಕೇತದಲ್ಲೂ ಬರುತ್ತದೆ, ಬಲಪಡಿಸಿದ್ದು 88ರಲ್ಲೂ ಬರುತ್ತದೆ. 84 ಎಂದರೆ 500 ಕಿಲೋ, ಕಾರಿನ ಜೊತೆ ಬಂದದ್ದಕ್ಕಿಂತ ಕಡಿಮೆ. ಐದು ಜನ, ಲಗೇಜು ಎಲ್ಲ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗುವವರು ಇದನ್ನು ನೋಡಲೇಬೇಕು. ಅಂಗಡಿಯಲ್ಲಿ ನಾನು ಕೇಳಿದಾಗ ಉತ್ತರವೆಲ್ಲ ಪಕ್ಕದಲ್ಲಿ ನಿಂತ ಹುಡುಗನಿಗೆ ಹೋಯಿತು. ಹೆಂಗಸು ಕೇಳಿದ ಪ್ರಶ್ನೆಗೆ ಗಂಡಸಿಗೆ ಉತ್ತರ ಕೊಡುವ ಪದ್ಧತಿ ಬ್ಯಾಂಕಿನಲ್ಲಿಯೂ ಕಂಡದ್ದೇ. ನಾನು ಮತ್ತೆ ಕೇಳಿದೆ, ಮೂರನೆಯ ಸಲಕ್ಕೆ ನನ್ನ ಕಡೆ ತಿರುಗಿದರು.

ಕೊನೆಗೆ ಒಪ್ಪಂದವಾದದ್ದು 15 ಅಂಗುಲಕ್ಕೆ. ಅದೇ ಕಾರಿನ ಮೇಲ್ದರ್ಜೆಯ ಮಾದರಿಗೆ ಕಂಪನಿಯೇ ಹಾಕಿ ಕಳಿಸುವ 185/65 ಆರ್ 15. ಒಟ್ಟು ಎತ್ತರ 621.5, ವ್ಯತ್ಯಾಸ ಎರಡು ಮಿಲಿಮೀಟರೂ ಇಲ್ಲ. ಗೋಡೆ 120 ಉಳಿಯಿತು, ಸಂಕೇತ 88ಕ್ಕೆ ಏರಿತು. ಚಕ್ರವೂ ಚೆಂದವಾಯಿತು, ಅದನ್ನು ಒಪ್ಪಬೇಕು. ಕೊಳ್ಳುವಾಗ ಟೈರಿನ ಮೇಲಿನ ನಾಲ್ಕಂಕಿಯ ತಾರೀಕನ್ನೂ ಓದಿಸಿದೆ: ಮೊದಲೆರಡು ವಾರ, ಕೊನೆಯೆರಡು ವರ್ಷ.

ಸ್ಟೆಪ್ನಿ ಮಾತ್ರ ಹಳೆಯ 14ರದ್ದೇ ಉಳಿದಿದೆ. ಎತ್ತರ ಹೊಂದುವುದರಿಂದ ಪಂಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಸಾಕು. ಅಂದಹಾಗೆ ಸ್ಟೆಪ್ನಿ ಎಂಬುದು ಒಂದು ಬೀದಿಯ ಹೆಸರು. ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಡೇವಿಸ್ ಸೋದರರು ಬದಲಿ ಚಕ್ರ ಮಾಡಿ ಮಾರತೊಡಗಿದರು. ಅವರ ದೇಶದವರೇ ಆ ಹೆಸರನ್ನು ಬಿಟ್ಟರೂ ಟಿವಿಎಸ್ ಕ್ರಾಸಿನ ಪಂಚರ್ ಅಂಗಡಿಯ ಹುಡುಗ ಬಿಟ್ಟಿಲ್ಲ.